ಸೀಟಿಯ ಹೊತ್ತಿನ ರೊಟ್ಟಿ

ನಮ್ಮೂರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದವರಿಗೆ ಮೊದಲು ಜಾತಿ ಕೇಳುವುದಿಲ್ಲ. ಅದು ಎರಡನೆಯ ಪ್ರಶ್ನೆ. ಮೊದಲನೆಯದು, "ನೀವು ಬರವಣಿಗಿ ವಿಭಾಗದವರೇನ್ರಿ?" ಎನ್ನುವುದು. ಹೌದು ಎಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಅವರದು ತಪ್ಪು ಎಂದು ನಾನು ಹೇಳಲಾರೆ. ನಮ್ಮೂರಿನಲ್ಲಿ ಯಾವುದನ್ನೇ ಆಗಲಿ ಸರಿಯಾಗಿ ಬರೆದರೆ ಅದು ಇಲ್ಲವಾಗುತ್ತದೆ. ವಿಶ್ವವಿದ್ಯಾಲಯದ ಗೇಟಿನ ಎದುರು ಒಂದು ದೊಡ್ಡ ಹುಣಸೆ ಮರವಿದೆ. ಯಾವ ಕಾಲದಲ್ಲೋ ಒಬ್ಬ ವಿದ್ಯಾರ್ಥಿ ಅದರ ನೆರಳನ್ನು ಬರೆದು ಚಿನ್ನದ ಪದಕ ಪಡೆದ. ಅಂದಿನಿಂದ ಮರವಿದೆ, ಎಲೆಯಿದೆ, ಕಾಯಿಯಿದೆ, ಕೆಳಗೆ ನಿಂತರೆ ಬಿಸಿಲು ನೆತ್ತಿ ಸುಡುತ್ತದೆ. ಆಟೋದವರು ತಮ್ಮ ಸ್ಟ್ಯಾಂಡನ್ನು ಅಂಚೆ ಕಚೇರಿಯ ಗೋಡೆಯ ಮಗ್ಗುಲಿಗೆ ಸಾಗಿಸಿಕೊಂಡರು. ಹೆಣ್ಣುಮಕ್ಕಳ ಶಾಲೆಯ ಗಂಟೆಗೆ ಸದ್ದಿಲ್ಲ. ಜವಾನ ಅಂಗಳದಲ್ಲಿ ನಿಂತು ಹಸಿರು ಬಟ್ಟೆ ಬೀಸುತ್ತಾನೆ, ಮಕ್ಕಳು ಊಟಕ್ಕೆ ಓಡುತ್ತಾರೆ. ನಮ್ಮೂರ ಮಲ್ಲಿಗೆಗೆ ವಾಸನೆಯಿಲ್ಲ, ಮದುವೆಗೆ ಬೇಕಾದರೆ ಬೇರೆ ಊರಿನಿಂದ ತರಿಸುತ್ತಾರೆ. ಪರೀಕ್ಷೆಯ ತಿಂಗಳು ಬಂತೆಂದರೆ ಜನ ಪಂಜರದ ಗಿಳಿಗಳಿಗೂ ತೊಟ್ಟಿಲ ಕೂಸುಗಳಿಗೂ ಬಟ್ಟೆ ಮುಚ್ಚುತ್ತಾರೆ. ಚಹಾದಂಗಡಿಯಲ್ಲಿ ಬರವಣಿಗೆ ವಿಭಾಗದ ನಾವು ಕಪ್ಪನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಸಾಕು, ಅಂಗಡಿಯವನು, "ನೋಡಬ್ಯಾಡ್ರಿ, ಕುಡೀರಿ" ಎಂದು ಗದರುತ್ತಾನೆ.

ಹಾಗೆಂದು ನಮ್ಮಿಂದ ಊರಿಗೆ ಉಪಕಾರವೇ ಇಲ್ಲವೆಂದಲ್ಲ. ಚರಂಡಿಯ ನಾತ, ಹಿಟ್ಟಿನ ಗಿರಣಿಯ ಗದ್ದಲ, ಮುದುಕರ ಮೊಣಕಾಲು ನೋವು, ಇವನ್ನೆಲ್ಲ ಬರೆದು ತೆಗೆಯಲು ಪುರಸಭೆಯಲ್ಲಿ ಸಂಬಳದ ಬರಹಗಾರರಿದ್ದಾರೆ. ಆ ಕೆಲಸ ಬೇಕಾದರೆ ಎರಡು ಪತ್ರಿಕೆ ಪಾಸಾಗಬೇಕು. ವೃತ್ತಿ ಬರವಣಿಗೆಯಲ್ಲಿ ಬೇಡವಾದದ್ದನ್ನು ಬರೆಯುತ್ತೇವೆ, ಅದು ಸುಲಭ. ಸೃಜನಶೀಲ ಬರವಣಿಗೆಯಲ್ಲಿ ಸ್ವಂತ ಮನೆಯ ಏನನ್ನಾದರೂ ಬರೆದು ಒಪ್ಪಿಸಬೇಕು. ಪರೀಕ್ಷಕರು ಆ ಬರಹವನ್ನು ಓದುವುದಿಲ್ಲ. ಓದಿ ತಿಳಿದುಕೊಳ್ಳುವುದೇನಿದೆ? ಶೀರ್ಷಿಕೆಯನ್ನಷ್ಟೇ ನೋಡಿಕೊಂಡು ಅವರು ನೇರವಾಗಿ ಮನೆಗೆ ಬಂದು, ಬರೆದ ವಸ್ತು ಹೋಗಿದೆಯೋ ಇಲ್ಲವೋ ನೋಡುತ್ತಾರೆ. ಹೋಗಿದ್ದರೆ ಪಾಸು, ಇದ್ದರೆ ನಪಾಸು. ನಮ್ಮ ವಿಭಾಗದಲ್ಲಿ ವಿದ್ಯಾರ್ಥಿಗಳ ಬರಹ ಓದುತ್ತಿದ್ದವರು ಹಂಚಿನಮನಿ ಸರ್ ಒಬ್ಬರೇ. ಅವರು ತಮ್ಮ ಕಾಲದಲ್ಲಿ ತಮ್ಮ ನಾಲಿಗೆಯ ಉಪ್ಪಿನ ರುಚಿಯನ್ನು ಬರೆದು ಪಾಸಾದವರು. ಈಗಲೂ ಊಟಕ್ಕೆ ಕೂತಾಗ ಉಪ್ಪಿನಕಾಯಿ ಹಾಕಿಸಿಕೊಂಡು ಸುಮ್ಮನೆ ನೆಕ್ಕುತ್ತಾರೆ. ತರಗತಿಯಲ್ಲಿ ಅವರು ಹೇಳುತ್ತಿದ್ದ ಪಾಠ ಒಂದೇ. "ಹೋಲಿಕಿ ಹಾಕಿದ್ರಿ ಅಂದ್ರ ವಸ್ತು ಉಳೀತು ಅಂತ ತಿಳೀರಿ. ಅದು ಇದರಂಗ ಐತಿ, ಇದು ಅದರಂಗ ಐತಿ ಅಂತ ಬರದ್ರ ಯಾವುದೂ ಹೋಗೂದಿಲ್ಲ. ಇದ್ದದ್ದನ್ನ ಇದ್ದಂಗ ಬರೀರಿ."

ನಾನು ಮೊದಲನೆಯ ಸಲ ನಮ್ಮ ಮನೆಯ ಬಾಗಿಲಿನ ಕಿರುಗುಟ್ಟುವ ಸದ್ದನ್ನು ಬರೆದಿದ್ದೆ. ಪರೀಕ್ಷಕರು ಬಂದು ಬಾಗಿಲು ತೆರೆದರು, ಸದ್ದಿಲ್ಲ. ಮುಚ್ಚಿದರು, ಕಿರ್ ಎಂದಿತು. ಅರ್ಧಕ್ಕೆ ಪಾಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಆಗ ನನ್ನ ಅಣ್ಣ ಫಕೀರಪ್ಪ ಇನ್ನೂ ಇದ್ದ. ಅವನು ಬಸ್ ಕಂಡಕ್ಟರ್. ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದರೆ ಅವನು ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಅನಸೂಯಾ, ನೀ ಹಾಫ್ ಟಿಕೀಟು ತಗೊಂಡು ಹತ್ತೀಯಲ್ಲವಾ" ಎಂದ. ಅವತ್ತಿನಿಂದ ನನ್ನ ಹೆಸರೇ ಹಾಫ್ ಟಿಕೀಟು ಎಂದಾಯಿತು. ಮುಂದಿನ ವರ್ಷ ಇನ್ನೊಂದು ಅವಕಾಶವಿತ್ತು, ಅದೇ ಕೊನೆಯದು. "ಆಗ ಫುಲ್ ಟಿಕೀಟು ತಗೊಳ್ಳುವಂತಿ, ತಗೋ" ಎಂದು ಸಮಾಧಾನ ಹೇಳಿದವನು, ಅದೇ ಮಳೆಗಾಲದಲ್ಲಿ ಕಾಮಾಲೆ ಬಂದು ತೀರಿಕೊಂಡ.

ಅವನ ಬಸ್ಸಿನ ಕೊನೆಯ ನಿಲುಗಡೆ ನಮ್ಮ ಓಣಿಯ ಮೂಲೆ. ಸಂಜೆ ಬಸ್ಸು ಅಲ್ಲಿ ತಿರುಗುವಾಗ ಅವನು ಉದ್ದಕ್ಕೆ ಒಂದು ಸೀಟಿ ಊದುತ್ತಿದ್ದ. ಅದು ಡ್ರೈವರನಿಗೂ ಹೌದು, ಅವ್ವನಿಗೂ ಹೌದು. ಸೀಟಿ ಕೇಳಿದ ಕೂಡಲೇ ಅವ್ವ ಎದ್ದು ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅವನು ಕೈಕಾಲು ತೊಳೆದು ಕೂರುವಷ್ಟರಲ್ಲಿ ರೊಟ್ಟಿ ಉಬ್ಬಿ ತಾಟಿಗೆ ಬೀಳಬೇಕು. ಜೊತೆಗೆ ಒಂದು ಉಳ್ಳಾಗಡ್ಡಿಯನ್ನು ನೆಲದ ಮೇಲಿಟ್ಟು ಅವ್ವ ಗುದ್ದಿ ಒಡೆದು ಕೊಡಬೇಕು. ಚಾಕುವಿನಲ್ಲಿ ಹೆಚ್ಚಿದ್ದು ಅವನಿಗೆ ಆಗುತ್ತಿರಲಿಲ್ಲ. ನಾನು ಉಳ್ಳಾಗಡ್ಡಿ ಹಸಿಯಾಗಿ ತಿನ್ನುವವಳೇ ಅಲ್ಲ, ಅದರ ವಾಸನೆಗೇ ಮುಖ ತಿರುವುತ್ತಿದ್ದೆ.

ಅವನು ಹೋದ ಮೇಲೂ ಬಸ್ಸು ಬರುತ್ತಿತ್ತು, ಯಾರೋ ಬೇರೆ ಕಂಡಕ್ಟರ್ ಸೀಟಿ ಊದುತ್ತಿದ್ದ. ಅವ್ವ ಎದ್ದು ಹಂಚು ಇಡುತ್ತಿದ್ದಳು. ಇಟ್ಟ ಮೇಲೆ ನೆನಪಾಗಿ ಅಲ್ಲೇ ಒಲೆಯ ಮುಂದೆ ಕುಸಿದು ಕೂತು ಅಳುತ್ತಿದ್ದಳು. ಹಂಚು ಕಾದು ಕೆಂಪಾಗುತ್ತಿತ್ತು, ನಾನೇ ಇಳಿಸುತ್ತಿದ್ದೆ. ಅವಳು ಊಟ ಬಿಟ್ಟಳು. ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ನಮ್ಮ ಹಿಂದಿನ ಸಾಲಿನಲ್ಲಿ ಚಂದ್ರವ್ವ ಎಂಬುವಳಿದ್ದಾಳೆ. ಗಂಡ ಸತ್ತಾಗ ಅವಳ ತವರಿನವರು ಒಬ್ಬ ಬರಹಗಾರನಿಂದ ಅವಳ ದುಃಖವನ್ನು ಬರೆಸಿ ತೆಗೆಸಿದರು. ದುಃಖವನ್ನು ಬರೆಯುವಾಗ ಆ ಮನುಷ್ಯನನ್ನೂ ಬರೆಯಲೇಬೇಕಾಗುತ್ತದೆ, ಅವನನ್ನು ಬಿಟ್ಟು ಬರೆಯಲು ಯಾರಿಗೂ ಸಾಧ್ಯವಾಗಿಲ್ಲ. ಈಗ ಚಂದ್ರವ್ವ ಕೋಳಿ ಸಾಕಿಕೊಂಡು ಸುಖವಾಗಿದ್ದಾಳೆ. ಬಾಗಿಲ ಹಿಂದೆ ಒಂದು ಗಂಡಸರ ಛತ್ರಿ ಸಿಕ್ಕರೆ, "ಯಾರದಿದು, ಯಾರೋ ಬಿಟ್ಟು ಹೋಗ್ಯಾರ" ಎಂದು ಓಣಿಯವರನ್ನೆಲ್ಲ ಕೇಳುತ್ತಾಳೆ.

ಒಂದು ದಿನ ಅವ್ವ ಚಂದ್ರವ್ವನ ಮನೆಯಿಂದ ತತ್ತಿ ತಂದವಳು ನನ್ನ ಎದುರು ಕೂತು ಹೇಳಿದಳು. "ಅನಸೂಯಾ, ನನ್ನ ದುಃಖ ನೀ ಬರದುಬಿಡು."

"ಚಂದ್ರವ್ವಗ ಗಂಡನ ನೆನಪೂ ಇಲ್ಲವ್ವಾ" ಎಂದೆ.

"ಇರಬಾರದು ಅಂತನ ಕೇಳಾಕತ್ತೀನಿ. ಆಕಿ ಎರಡು ರೊಟ್ಟಿ ತಿಂತಾಳ. ಹಾಡು ಹಾಡ್ತಾಳ. ನಾ ದಿನಾ ಸಂಜಿಗೆ ಹಂಚಿಡ್ತೀನಿ, ಹಂಚು ಕಾದ ಮ್ಯಾಲ ನನ್ನ ಮಗ ಇಲ್ಲಂತ ಗೊತ್ತಾಗ್ತೈತಿ. ದಿನಾ ಹೊಸದಾಗಿ ಸಾಯ್ತಾನ ನನಗ. ಎಷ್ಟು ಸಲ ಸಾಯ್ಲಿ ಅವ?"

ಆಮೇಲೆ ಅವಳೇ ದನಿ ತಗ್ಗಿಸಿ, "ನಿನಗೂ ಪರೀಕ್ಷಾಕ್ಕ ಮನಿಯೊಳಗಿಂದು ಏನರ ಬೇಕಲ್ಲ? ಇದನ್ನ ಕೊಡು. ನಮ್ಮನ್ಯಾಗ ಮತ್ತೇನೈತಿ?" ಎಂದಳು.

ನಾನು ಎದ್ದು ಹೋದೆ. ಮಾರನೆಯ ದಿನ ಮತ್ತೆ ಕೇಳಿದಳು. ನೀರು ತುಂಬುವಾಗ ಕೇಳಿದಳು, ತಲೆ ಬಾಚುವಾಗ ಕೇಳಿದಳು. ಅವಳ ಕಷ್ಟ ನನಗೆ ಕಾಣುತ್ತಿರಲಿಲ್ಲ ಎಂದಲ್ಲ. ಕಾಣುತ್ತಿತ್ತು, ಅದಕ್ಕೇ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಆದರೆ ನನಗೆ ಇನ್ನೊಂದು ಕಾಣುತ್ತಿತ್ತು. ಅಪ್ಪ ನಾನು ಹುಟ್ಟುವ ಮೊದಲೇ ಮನೆ ಬಿಟ್ಟು ಹೋದವನು, ಅವನ ಮುಖವನ್ನೇ ನಾನು ಕಂಡವಳಲ್ಲ. ಫಕೀರಪ್ಪನನ್ನು ನೆನೆಯುವವರು ಈ ಭೂಮಿಯ ಮೇಲೆ ನಾವಿಬ್ಬರೇ. ಅವ್ವನಿಂದ ಅವನನ್ನು ತೆಗೆದರೆ ನಾನೊಬ್ಬಳೇ ಉಳಿಯುತ್ತೇನೆ. ಹಾಫ್ ಟಿಕೀಟು ಎಂದರೆ ಯಾಕೆ ಎಂದು ಅವ್ವ ಕೇಳುತ್ತಾಳೆ. ಬಾಗಿಲು ಕಿರ್ ಎಂದಾಗ ನಾನು ನಕ್ಕರೆ ಹುಚ್ಚಿಯೇನೆ ಎನ್ನುತ್ತಾಳೆ. ಅಷ್ಟು ಒಂಟಿಯಾಗಿ ಅವನನ್ನು ಹೊತ್ತುಕೊಂಡು ಬದುಕುವ ಶಕ್ತಿ ನನಗಿರಲಿಲ್ಲ. ಸ್ವಾರ್ಥ ಎನ್ನುವವರು ಎನ್ನಲಿ.

ಹಂಚಿನಮನಿ ಸರ್ ಹತ್ತಿರ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಬರದ್ರ ನಿನ್ನ ಕೈಯಾಗ ಆಗ್ತೈತಿ, ಅದ ನನಗ ಅಂಜಿಕಿ" ಎಂದರು. "ನಾ ಉಪ್ಪು ಬರದಾಗ ಹುಡುಗ ಇದ್ದೆ. ಹೋದ್ರ ಹೋಗ್ತೈತಿ ಅನ್ಕೊಂಡೆ. ಈಗ ನನ್ನ ಹೆಂಡತಿ ಅಡಗಿ ಹೆಂಗಾಗೈತಿ ಅಂತ ಕೇಳಿದಾಗೆಲ್ಲ ಸುಳ್ಳು ಹೇಳ್ತೀನಿ. ಭಾಳ ಚಲೋ ಆಗೈತಿ ಅಂತೀನಿ. ಬರ್ಯೂದು ಬಿಡೂದು ನಿಂದು, ಅನಸೂಯಾ. ನಾ ಏನೂ ಹೇಳೂದಿಲ್ಲ."

ಕಡೆಗೆ ನಾನು ಒಂದು ಉಪಾಯ ಮಾಡಿದೆ. ಅವ್ವ ಕೇಳಿದಂತೆ ಬರೆಯಲು ಕೂತೆ, ಕೆಟ್ಟದಾಗಿ ಬರೆದೆ. ಅವ್ವನ ದುಃಖ ಆಕಾಶದಷ್ಟು ವಿಶಾಲ ಎಂದೆ. ಸಾಗರದಷ್ಟು ಆಳ, ಪರ್ವತದಷ್ಟು ಭಾರ, ಕಾಳ್ಗಿಚ್ಚಿನಂತೆ ಉರಿ, ಮಂಜಿನಂತೆ ಶೀತಲ ಎಂದೆ. ಒಂದೇ ಪುಟದಲ್ಲಿ ಉರಿಯೂ ಶೀತಲವೂ ಹೇಗಾಯಿತು ಎಂದು ಕೇಳುವವರಿರಲಿಲ್ಲ. ಹಂಚಿನ ಹೆಸರು ಎತ್ತಲಿಲ್ಲ, ಬಳೆಯ ಹೆಸರು ಎತ್ತಲಿಲ್ಲ, ಸೀಟಿಯ ಹತ್ತಿರ ಸುಳಿಯಲಿಲ್ಲ. ಒಂದೆರಡು ಸಲ ಪೆನ್ನು ತಾನಾಗಿಯೇ ಸರಿಯಾದ ಮಾತಿನ ಕಡೆ ಹೊರಟಿತ್ತು, ಹೊಡೆದು ಹಾಕಿ "ವಿಧಿಯ ಕ್ರೂರ ಲೀಲೆ" ಎಂದು ಬರೆದೆ. ಪರೀಕ್ಷೆ ಹೋಗುತ್ತದೆ, ಹೋಗಲಿ. ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ ಸಿಗುತ್ತದೆ. ಅವ್ವ ನನ್ನ ಕೈಗುಣ ಸಾಲದು ಎಂದುಕೊಳ್ಳುತ್ತಾಳೆ, ಮತ್ತೆ ಕೇಳುವುದಿಲ್ಲ. ಅಣ್ಣ ಉಳಿಯುತ್ತಾನೆ. ಹೀಗೆ ಲೆಕ್ಕ ಹಾಕಿ ಬರಹವನ್ನು ವಿಭಾಗಕ್ಕೆ ಒಪ್ಪಿಸಿ ಬಂದೆ.

"ಕೊಟ್ಟು ಬಂದ್ಯಾ?" ಎಂದಳು ಅವ್ವ. ಕೊಟ್ಟೆ ಎಂದೆ. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು, ಬಸ್ಸಿಗೆ ಕಾಯುವವರಂತೆ. ನಾನು ಬಟ್ಟೆ ಒಗೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಬರೆದ ಮೇಲೂ ಏನೂ ಹೋಗಲಿಲ್ಲವೆಂದು ಅವಳಿಗೆ ತಿಳಿದಾಗ ಆಗುವ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ.

ಮಾರನೆಯ ಬೆಳಿಗ್ಗೆ ಇಬ್ಬರು ಪರೀಕ್ಷಕರು ಬಂದರು. ಒಬ್ಬರು ಶಾಲು ಹೊದ್ದವರು, ಇನ್ನೊಬ್ಬರು ಸಣಕಲು, ಹಿಂದೆ ಒಬ್ಬ ಜವಾನ. ಅವ್ವ ಚಾಪೆ ಹಾಸಿದಳು. ತಲೆ ಬಾಚಿ ಹೂವಿಟ್ಟುಕೊಂಡಿದ್ದಳು. ಶಾಲಿನವರು ಕೇಳಿದರು, "ಅವ್ವಾರ, ನಿಮಗ ಮಕ್ಕಳೆಷ್ಟು?"

ಅವ್ವ ನನ್ನ ಕಡೆ ಒಂದು ಸಲ ನೋಡಿದಳು. "ಒಬ್ಬಾಕಿರಿ. ಇಕಿನ."

ಗೋಡೆಯ ಮೇಲೆ ಹಾರ ಹಾಕಿದ ಅಣ್ಣನ ಫೋಟೋ ಇತ್ತು. "ಇವರು ಯಾರ್ರಿ?" ಎಂದರು ಸಣಕಲು ಪರೀಕ್ಷಕರು.

"ಯಾರೋ ಏನೋ. ಇಕಿ ತಂದು ಹಾಕ್ಯಾಳ. ಕಲಿಯೂ ಹುಡುಗ್ರು ಏನೇನೋ ತರ್ತಾವ್ರಿ ಮನಿಗೆ."

ಅಷ್ಟು ಕೆಟ್ಟ ಬರಹವೂ ಕೆಲಸ ಮಾಡಿಬಿಟ್ಟಿತೇ ಎಂದು ಒಂದು ಕ್ಷಣ ಹೆದರಿದೆ. ಅವ್ವ ಚಹಾ ಸೋಸಲು ಒಳಗೆ ಹೋದಳು. ಪರೀಕ್ಷಕರದು ಒಂದು ಕಡೆಯ ಪರೀಕ್ಷೆ ಇರುತ್ತದೆ, ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ಮನೆಯವರು ಬೆನ್ನು ತಿರುಗಿಸಿದಾಗ ಸತ್ತವರ ಹೆಸರು ಹಿಡಿದು ಕೂಗುತ್ತಾರೆ. ಶಾಲಿನವರು ಇದ್ದಕ್ಕಿದ್ದಂತೆ ಬಾಗಿಲ ಕಡೆ ತಿರುಗಿ, "ಏ ಫಕೀರಪ್ಪಾ, ಬಂದ್ಯಾ, ಬಾ ಬಾ!" ಎಂದರು. ನಾನೇ ಬಾಗಿಲ ಕಡೆ ನೋಡಿಬಿಟ್ಟೆ. ಅವ್ವ ನೋಡಲಿಲ್ಲ. ಸೋಸುತ್ತಿದ್ದ ಚಹಾದ ಒಂದು ಹನಿಯೂ ಕಪ್ಪಿನ ಹೊರಗೆ ಬೀಳಲಿಲ್ಲ. ಅವರು ಚಹಾ ಕುಡಿದು, ಚಲೋ ಆಗೈತಿ ಎಂದು ಹೊಗಳಿ, ನನಗೆ ಮೊದಲ ದರ್ಜೆ ಬರೆದುಕೊಂಡು ಹೋದರು.

ಒಬ್ಬರ ದುಃಖ ಹೋಯಿತೆಂದರೆ ನಮ್ಮಲ್ಲಿ ಓಣಿಯವರು ಒಂದು ಕೆಲಸ ಮಾಡುತ್ತಾರೆ. ಸತ್ತವರ ಸಾಮಾನನ್ನೆಲ್ಲ ಮನೆಯಿಂದ ಹೊರಗೆ ಸಾಗಿಸುತ್ತಾರೆ, ಆಮೇಲೆ ಆ ಹೆಸರನ್ನು ಯಾರೂ ಎತ್ತುವುದಿಲ್ಲ. ಅದು ಮರ್ಯಾದೆ. ಅವತ್ತು ಮಧ್ಯಾಹ್ನವೇ ಹೆಂಗಸರು ನಗುನಗುತ್ತ ಬಂದರು. ಫೋಟೋ ಇಳಿಸಿದರು. ಖಾಕಿ ಅಂಗಿ, ಚಪ್ಪಲಿ, ಟಿಕೀಟಿನ ಚೀಲ ಎಲ್ಲ ಗಂಟು ಕಟ್ಟಿದರು. ಮೊಳೆಗೆ ನೇತುಹಾಕಿದ್ದ ಸೀಟಿಯನ್ನು ಡಿಪೋದಲ್ಲಿ ಕೆಲಸಕ್ಕಿರುವ ಪಕ್ಕದ ಮನೆಯವರು ವಾಪಸು ಕೊಡುತ್ತೇನೆಂದು ಒಯ್ದರು. ಅವ್ವ ತಾನೂ ಕೈ ಹಚ್ಚಿದಳು. ಅಂಗಿಯನ್ನು ಎತ್ತಿ ನೋಡಿ, "ಯಾರದೋ ಏನೋ, ಗುಂಡಿ ಜೋತು ಬಿದ್ದೈತಿ. ತೊಡೋವ್ರಿಗೆ ಬೇಕಾಗ್ತೈತಿ, ತಡೀರಿ" ಎಂದು ಸೂಜಿ ದಾರ ತಂದು, ಎಲ್ಲರ ನಡುವೆ ಕೂತು ಗುಂಡಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು ಕೊಟ್ಟಳು. ಚಂದ್ರವ್ವ, "ಊಟ ಮಾಡವಾ, ಈಗ ಹಸಿವಿ ಆಗಿರ್ತೈತಿ" ಎಂದಳು. ಅವ್ವ ಎಲ್ಲರೆದುರು ಎರಡು ರೊಟ್ಟಿ ತಿಂದಳು, ಪ್ರತಿ ತುತ್ತಿಗೂ ನೀರು ಕುಡಿದು ನುಂಗಿದಳು. ಅಷ್ಟು ನೀರು ಕುಡಿಯುವುದನ್ನು ನೋಡುತ್ತ ನನಗೆ ಎಲ್ಲ ತಿಳಿಯಿತು. ಬರಹ ಕೆಲಸ ಮಾಡಿರಲಿಲ್ಲ. ಮಗಳ ಕೈಗುಣ ಸಾಲದೆ ಹೋಯಿತು, ಮತ್ತೆ ನಪಾಸಾದರೆ ಅವಳ ಬಾಳು ಹಾಳಾಗುತ್ತದೆ ಎಂದು ಅವ್ವ ಸುಳ್ಳು ಹೇಳಿದ್ದಳು.

ವಿಭಾಗಕ್ಕೆ ಪ್ರಮಾಣಪತ್ರ ತರಲು ಹೋದಾಗ ಹಂಚಿನಮನಿ ಸರ್ ನನ್ನ ಬರಹವನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಓದಿದ್ದರು. "ಇಷ್ಟು ಕೆಟ್ಟದಾಗಿ ಬರ್ಯಾಕ ನಿನಗ ಭಾಳ ತ್ರಾಸ ಆಗಿರಬೇಕು" ಎಂದರು. ಹಾಳೆಗಳನ್ನು ಮಡಚಿ ನನಗೇ ಕೊಟ್ಟರು. "ನಿಮ್ಮವ್ವಗ ನನ್ನ ನಮಸ್ಕಾರ ಹೇಳು."

ನಮಸ್ಕಾರ ಹೇಳಲಿಲ್ಲ. ಹೇಗೆ ಹೇಳಲಿ? ನನಗೆ ಗೊತ್ತಿದೆ ಎಂದು ಅವ್ವನಿಗೆ ತಿಳಿದರೆ, ಹಾಗಾದರೆ ಈಗ ಸರಿಯಾಗಿ ಬರೆ ಎನ್ನುತ್ತಾಳೆ. ಅದು ನನ್ನಿಂದ ಆಗದು. ಅವಳು ನನಗೆ ನಿಜ ಹೇಳುವಂತಿಲ್ಲ, ಹೇಳಿದರೆ ನನ್ನ ಕೆಲಸ ಹೋಗುತ್ತದೆ ಎಂದು ಅವಳ ಭಯ. ಮೊದಲು ಒಲೆಯ ಮುಂದೆ ಕೂತು ಅಳುವುದಾದರೂ ಇತ್ತು. ಈಗ ಅದೂ ಇಲ್ಲ. ದುಃಖ ತೆಗೆಯೆಂದು ಕೇಳಿದವಳಿಂದ ನಾನು ಅಳುವನ್ನು ಕಿತ್ತುಕೊಂಡೆ. ಚಂದ್ರವ್ವ ಹಾಡಲು ಕರೆದರೆ ಅವ್ವ ಹೋಗಿ ಹಾಡಿ ಬರುತ್ತಾಳೆ.

ನನಗೆ ಪುರಸಭೆಯಲ್ಲಿ ಕೆಲಸ ಸಿಕ್ಕಿತು. ಮೀನು ಮಾರುಕಟ್ಟೆಯ ನಾತ ಬರೆದೆ, ಹೋಯಿತು. ನ್ಯಾಯಾಲಯದ ಹಿಂದಿನ ಕತ್ತೆಗಳ ಕೂಗು ಬರೆದೆ, ಹೋಯಿತು. ಕತ್ತೆಗಳು ಈಗ ಬಾಯಿ ತೆರೆದು ಸುಮ್ಮನೆ ನಿಲ್ಲುತ್ತವೆ. ಸಂಜೆ ನಾವಿಬ್ಬರೂ ಬೇಗ ಊಟ ಮುಗಿಸಿ ಕೂತಿರುತ್ತೇವೆ. ಆಗ ಮೂಲೆಯಲ್ಲಿ ಬಸ್ಸು ತಿರುಗುತ್ತದೆ. ಡಿಪೋದವರು ಅಣ್ಣನ ಸೀಟಿಯನ್ನೇ ಹೊಸ ಕಂಡಕ್ಟರನಿಗೆ ಕೊಟ್ಟಿದ್ದಾರೆ. ಅಣ್ಣ ಅದನ್ನು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಅದರ ಬಾಯಿ ಸೀಳಿದ್ದ, ಹಾಗಾಗಿ ಅದರ ಸದ್ದು ಒಡಕು. ಎಷ್ಟು ಸೀಟಿಗಳ ನಡುವೆಯೂ ಗುರುತು ಹತ್ತುತ್ತದೆ. ಮೊದಲ ದಿನ ಅದು ಕೇಳಿದಾಗ ಅವ್ವ ಎದ್ದು ಆರಿದ ಒಲೆ ಹೊತ್ತಿಸಿ, ಹಂಚಿಟ್ಟು, ಒಂದು ರೊಟ್ಟಿ ಬಡಿದಳು. ಉಳ್ಳಾಗಡ್ಡಿಯನ್ನು ನೆಲಕ್ಕಿಟ್ಟು ಗುದ್ದಿ ಒಡೆದಳು. ತಾಟು ಹಿಡಿದು ನನ್ನ ಮುಂದೆ ನಿಂತು, "ತಿನ್ನು, ಬಿಸಿ ಐತಿ" ಎಂದಳು.

"ಈಗ ಉಂಡೆನಲ್ಲವ್ವಾ" ಎಂದೆ. ಅವಳು ತಾಟನ್ನು ಹಿಂದಕ್ಕೆ ಒಯ್ಯಲಿಲ್ಲ, ಹಾಗೇ ನಿಂತಳು. ತೆಗೆದುಕೊಂಡು ತಿಂದೆ, ಉಳ್ಳಾಗಡ್ಡಿಯನ್ನೂ. ಅವ್ವ ಎದುರಿಗೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಉಳ್ಳಾಗಡ್ಡಿ ಭಾಳ ಖಾರ" ಎಂದಳು. ನಾನೂ ಒರೆಸಿಕೊಂಡೆ. ಹೌದು, ಖಾರ ಎಂದೆ. ಅವತ್ತಿನಿಂದ ದಿನವೂ ಇದು ನಡೆದಿದೆ. ಕಚೇರಿಯಲ್ಲಿ ನಾನು ದಪ್ಪಗಾಗಿದ್ದೇನೆಂದು, ಮಾತಾಡಿದರೆ ಉಳ್ಳಾಗಡ್ಡಿ ನಾತವೆಂದು ತಮಾಷೆ ಮಾಡುತ್ತಾರೆ.

ಹೋದ ತಿಂಗಳು ಖಾನಾವಳಿಗಳ ಸಂಘದವರು ಪುರಸಭೆಗೆ ಬಂದರು. ಉಳ್ಳಾಗಡ್ಡಿ ಹೆಚ್ಚುವ ಹೆಂಗಸರು ಕಣ್ಣುರಿ ತಾಳದೆ ಕೆಲಸ ಬಿಡುತ್ತಿದ್ದಾರೆ, ಊರಿನ ಉಳ್ಳಾಗಡ್ಡಿಯ ಖಾರವನ್ನು ಬರೆಸಿ ತೆಗೆಸಿ ಎಂದರು. ಸಾಹೇಬರು ಆ ಕೆಲಸವನ್ನು ನನಗೇ ಕೊಟ್ಟರು. ನಾನು ಬರೆದದ್ದು ಒಂದೂ ಉಳಿದಿಲ್ಲವೆಂದು ಅವರಿಗೆ ನನ್ನ ಮೇಲೆ ಭರವಸೆ. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವ್ವ ಬಾಗಿಲಿಗೆ ಬಂದಳು. ಪರೀಕ್ಷಕರೆದುರು ಚಹಾ ಚೆಲ್ಲದ ಕೈ ಈಗ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತ್ತು.

"ಉಳ್ಳಾಗಡ್ಡಿ ಖಾರ ತಗೀತಾರಂತ, ಖರೇನ?"

"ಬರೀರಿ ಅಂದಾರ" ಎಂದೆ.

"ಯಾರು ಬರ್ಯಾವ್ರು?"

"ನಾನ."

ಅವ್ವ ಒಳಗೆ ಹೋಗಿ ಬುಟ್ಟಿಯಲ್ಲಿದ್ದ ಉಳ್ಳಾಗಡ್ಡಿಗಳನ್ನು ಸುಮ್ಮನೆ ಅತ್ತಿತ್ತ ಸರಿಸುತ್ತ ಕೂತಳು.

ಮಾರನೆಯ ದಿನ ಕಚೇರಿಯಲ್ಲಿ ಕೂತು ಬರೆದೆ. ಉಳ್ಳಾಗಡ್ಡಿಯ ಖಾರ ಆಕಾಶದಷ್ಟು ವಿಶಾಲ ಎಂದೆ. ಸಾಗರದಷ್ಟು ಆಳ, ಕಾಳ್ಗಿಚ್ಚಿನಂತೆ ಉರಿ ಎಂದೆ. ವಿಧಿಯ ಕ್ರೂರ ಲೀಲೆ ಎಂದೂ ಸೇರಿಸಿದೆ. ಸಾಹೇಬರು ಒಂದು ಗಡ್ಡೆ ಹೆಚ್ಚಿಸಿ ನೋಡಿ, ಕಣ್ಣೊರೆಸಿಕೊಂಡು ನನ್ನನ್ನು ಚೆನ್ನಾಗಿ ಬೈದರು. ಇನ್ನೊಂದು ಸಲ ಹೀಗಾದರೆ ಕೆಲಸದಿಂದ ತೆಗೆಯುತ್ತೇನೆ ಎಂದರು.

ಸಂಜೆ ಮೂಲೆಯಲ್ಲಿ ಒಡಕು ಸೀಟಿ ಕೇಳಿತು. ಅವ್ವ ಹಂಚಿಟ್ಟಳು, ರೊಟ್ಟಿ ಬಡಿದಳು. ಉಳ್ಳಾಗಡ್ಡಿಯನ್ನು ನೆಲದ ಮೇಲಿಟ್ಟವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು, ಆಮೇಲೆ ಕಣ್ಣು ಮುಚ್ಚಿಕೊಂಡು ಗುದ್ದಿದಳು. ಕಣ್ಣು ತೆರೆದಾಗ ನೀರು ಕೆನ್ನೆಗೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಖಾರ ಹೋಗಿಲ್ಲ ನೋಡು" ಎಂದಳು.

"ಇಲ್ಲವ್ವಾ, ಹೋಗಿಲ್ಲ" ಎಂದು ನಾನು ರೊಟ್ಟಿ ಮುರಿದುಕೊಂಡೆ.